ಬಟ್ಟಲ ತಳದ ಬಿಳಿ

ಫೆಬ್ರವರಿ 3, ಸೋಮವಾರ

ಕೆಳಮನೆಯ ದರ್ಜಿ ಇವತ್ತು ಮತ್ತೆ ಕೋಲಿನಿಂದ ತನ್ನ ಚಾವಣಿ ಕುಟ್ಟಿದ. ಅವನ ಚಾವಣಿ ಎಂದರೆ ನಮ್ಮ ನೆಲ. ಮಾವ ಎದೆಗೆ ಔಷಧಿಯ ಮಂಜು ಕೊಡುವ ನೆಬ್ಯುಲೈಜರಿನ ಮುಖವಾಡವನ್ನು ಗಲ್ಲಕ್ಕೆ ಸರಿಸಿ, "ತಾಳ ಚೆನ್ನಾಗಿ ಹಾಕ್ತಾನೆ ಕಣೇ. ಹೊಲಿಗೆ ಮಾತ್ರ ನೆಟ್ಟಗೆ ಬರಲ್ಲ" ಎಂದ. ತನ್ನ ಮಾತಿಗೆ ತಾನೇ ನಕ್ಕ. ನಕ್ಕಿದ್ದಕ್ಕೆ ಐದು ನಿಮಿಷ ಕೆಮ್ಮಿದ. ಆಮೇಲೆ ಯಂತ್ರ ಆರಿಸಿಬಿಟ್ಟ. ಔಷಧಿ ಇನ್ನೂ ಅರ್ಧ ಉಳಿದಿತ್ತು.

"ಪೂರ್ತಿ ತಗೋ ಮಾವ."

"ಸಾಕು ಬಿಡು. ಪಾಪ, ಅವನೂ ದುಡಿದು ಬಂದಿರ್ತಾನೆ."

ಒಬ್ಬ ಮನುಷ್ಯ ಮೂವತ್ತೊಂದು ವರ್ಷ ಬೇಕರಿಯಲ್ಲಿ ಹಿಟ್ಟು ನಾದಿದ. ಊರಿಗೆಲ್ಲ ಬ್ರೆಡ್ಡು ತಿನ್ನಿಸಿದ. ಹಿಟ್ಟಿನ ಧೂಳು ಅವನ ಎದೆಗೆ ಇಳಿದು ಅಲ್ಲೇ ಮನೆ ಮಾಡಿತು. ಈಗ ಅವನು ಉಸಿರಾಡಬೇಕೆಂದರೆ ಕೆಳಮನೆಯವರ ಮರ್ಜಿ ಕಾಯಬೇಕು. ಇದಕ್ಕೆ ದರ್ಜಿಯನ್ನು ಬೈದು ಪ್ರಯೋಜನವಿಲ್ಲ. ಇಷ್ಟು ಗದ್ದಲ ಮಾಡುವ ಯಂತ್ರವನ್ನು ಬಡವರಿಗೆ ಇಷ್ಟು ಸಾಕು ಎಂದು ತಯಾರಿಸಿದವನು ಎಲ್ಲಿದ್ದಾನೋ, ಅವನನ್ನು ಕೇಳಬೇಕು. ಆಸ್ಪತ್ರೆಯವರು ಎರವಲು ಕೊಟ್ಟ ಈ ಪೆಟ್ಟಿಗೆ ಪಂಪಿನಿಂದ ಗಾಳಿ ನುಗ್ಗಿಸಿ ಔಷಧಿಯನ್ನು ಹನಿಯಾಗಿ ಒಡೆಯುತ್ತದೆ. ಲಾರಿ ಏರು ಹತ್ತಿದ ಸದ್ದು. ಬಿಚ್ಚಿ ನೋಡೋಣವೆಂದರೆ ತಿರುಪುಗಳ ತಲೆಯನ್ನೇ ಸವೆಸಿ ಇಟ್ಟಿದ್ದಾರೆ. ಜ್ಞಾನಕ್ಕೆ ಬೀಗ ಹಾಕುವವರ ಬಗ್ಗೆ ನಾನು ಓದಿದ ಕಿರುಹೊತ್ತಿಗೆಯಲ್ಲಿ ಇರುವುದು ಇದೇ.

ಅತ್ತೆಗೆ ಇದನ್ನೆಲ್ಲ ವಿವರಿಸಿದೆ. "ಆಯ್ತು, ಮೊದಲು ತಟ್ಟೆ ತೊಳಿ" ಎಂದಳು.

ಫೆಬ್ರವರಿ 9, ಭಾನುವಾರ

ಆಯಿತು. ಆಗಿಯೇಬಿಟ್ಟಿತು.

ಕೆಲಸದ ಮೇಜಿನ ಮೇಲೆ ದಿನಾ ನೂರು ಸಲ ನೋಡುತ್ತಿದ್ದದ್ದು ನನ್ನ ತಲೆಗೆ ಇಷ್ಟು ದಿನ ಏಕೆ ಹೊಳೆಯಲಿಲ್ಲವೋ. ನಮ್ಮ ಕಾರ್ಖಾನೆಯಲ್ಲಿ ತರಕಾರಿ ಅಂಗಡಿಗಳಿಗೆ ಮಂಜಿನ ಪೆಟ್ಟಿಗೆ ತಯಾರಾಗುತ್ತದೆ; ಸೊಪ್ಪು ಬಾಡದಂತೆ ಅದರ ಮೇಲೆ ಹೊಗೆಯ ಹಾಗೆ ತಣ್ಣಗೆ ಹರಿಯುವ ಮಂಜು. ಅದನ್ನು ಎಬ್ಬಿಸುವುದು ನಾಣ್ಯದಷ್ಟು ಅಗಲದ ಒಂದು ಬಿಲ್ಲೆ. ಕರೆಂಟು ಕೊಟ್ಟರೆ ಸೆಕೆಂಡಿಗೆ ಹದಿನೇಳು ಲಕ್ಷ ಸಲ ನಡುಗುತ್ತದೆ. ಅದೂ ಸದ್ದೇ, ಮನುಷ್ಯರ ಕಿವಿಗೆ ಕೇಳದ ಸದ್ದು. ಮೇಲೆ ನೀರು ನಿಂತರೆ ನಡುವೆ ಬೆರಳಿನಷ್ಟು ಎತ್ತರದ ಕಾರಂಜಿ ಏಳುತ್ತದೆ, ಅದರ ಮೈಯಿಂದ ಸಣ್ಣ ಸಣ್ಣ ಹನಿಗಳು ಹೊಗೆಯಾಗಿ ಬಿಡಿಸಿಕೊಳ್ಳುತ್ತವೆ. ಪಂಪಿಲ್ಲ, ಗದ್ದಲವಿಲ್ಲ.

ನಾನು ಮಾಡಿದ್ದು ಇಷ್ಟು: ಒಂದು ಡಬ್ಬಿಯ ತಳಕ್ಕೆ ಬಿಲ್ಲೆ, ಅದರ ಮೇಲೆ ನೀರು, ನೀರಿನಲ್ಲಿ ಮುಳುಗುವಂತೆ ಒಂದು ತೆಳು ಪ್ಲಾಸ್ಟಿಕ್ ಬಟ್ಟಲು. ಔಷಧಿ ಬಟ್ಟಲೊಳಗೆ. ಸದ್ದು ನೀರನ್ನು ದಾಟಿ ಬಟ್ಟಲಿಗೆ ಹತ್ತುತ್ತದೆ. ಬಟ್ಟಲನ್ನು ಕಾಯಿಸಿ ಎಳೆದು ಸರಿಯಾದ ತೆಳುವಿಗೆ ತರುವುದೇ ಕಷ್ಟ. ಏಳು ಒಡೆದವು, ಎಂಟನೆಯದು ನಿಂತಿತು.

ಬಿಲ್ಲೆ ಮೇಷ್ಟ್ರಿಗೆ ತೋರಿಸಿದೆ. ಕಾರ್ಖಾನೆಯಲ್ಲಿ ಪ್ರತಿ ಬಿಲ್ಲೆಯನ್ನು ಪರೀಕ್ಷಿಸುವವರು ಅವರು. ಮೂಲೆಗೆ ಎಸೆದ ಬಿಲ್ಲೆಗಳಲ್ಲಿ ಕೆಲವನ್ನು ನನಗೆ ಕೊಟ್ಟವರೂ ಅವರೇ. ನನ್ನನ್ನು ಭಾಷಣ ಎಂದು ಕರೆಯುತ್ತಾರೆ.

"ಭಾಷಣ, ಇದು ಸೊಪ್ಪಿಗೆ ಮಾಡಿದ್ದು. ಮನುಷ್ಯರಿಗಲ್ಲ."

"ಸೊಪ್ಪಿಗೆ ಸಿಗೋ ಮರ್ಯಾದೆ ಮನುಷ್ಯರಿಗೂ ಸಿಗ್ಲಿ ಮೇಷ್ಟ್ರೇ."

"ಮಾತಿಗೇನೂ ಕಮ್ಮಿ ಇಲ್ಲ. ನೀರು ಮೇಲೇಳುತ್ತೆ, ಸರಿ. ನೀರೊಳಗಿರೋದೂ ಜೊತೆಗೆ ಬರುತ್ತೋ ಇಲ್ವೋ, ಅದನ್ನ ನೋಡಿದ್ಯಾ?"

ಒಳ್ಳೆಯ ಪ್ರಶ್ನೆ. ನಂಬಿಕೆಯ ಮೇಲೆ ನಡೆಯುವವಳಲ್ಲ ನಾನು. ಬಟ್ಟಲಿಗೆ ಉಪ್ಪುನೀರು ಹಾಕಿ ಮಂಜಿಗೆ ನಾಲಿಗೆ ಚಾಚಿದೆ. ಉಪ್ಪು. ಮೇಷ್ಟ್ರ ನಾಲಿಗೆಯನ್ನೂ ಚಾಚಿಸಿದೆ. "ಹೌದು, ಉಪ್ಪು" ಎಂದು ಒಪ್ಪಿಕೊಂಡರು.

ಪರೀಕ್ಷೆ ಮುಗಿಯಿತು.

ಫೆಬ್ರವರಿ 14, ಶುಕ್ರವಾರ

ಐದು ದಿನದಿಂದ ಮಾವ ನನ್ನ ಯಂತ್ರದಲ್ಲೇ ಉಸಿರಾಡುತ್ತಿದ್ದಾನೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಅವನಿಗೆ ಎರಡು ಔಷಧಿ. ತಿಳಿಯಾದದ್ದು ಬಿಗಿದ ಎದೆಯನ್ನು ಅಲ್ಲಿಂದಲ್ಲೇ ಸಡಿಲಿಸುತ್ತದೆ. ಬಿಳಿಯದು ತಕ್ಷಣ ಏನೂ ಮಾಡದು. ದಿನಾ ತೆಗೆದುಕೊಂಡರೆ ಒಳಗಿನ ಊತವನ್ನು ಇಳಿಸಿ ಇಡುತ್ತದೆ. ಬಿಳಿಯದನ್ನು ಮಾತ್ರ ಎಂದೂ ತಪ್ಪಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಗದ್ದಲಕ್ಕೆ ಹೆದರಿ ಅವನು ತಪ್ಪಿಸುತ್ತಿದ್ದದ್ದೂ ಅದನ್ನೇ. ಈಗ ಒಂದು ದಿನವೂ ತಪ್ಪಿಲ್ಲ, ಒಂದು ಹನಿಯೂ ಉಳಿಸಿಲ್ಲ.

ಮನೆ ಎಷ್ಟು ಮೌನ ಎಂದರೆ ಗೋಡೆ ಗಡಿಯಾರ ಕೇಳುತ್ತದೆ. ಮಾವನ ಮೂಗಿನ ಮುಂದೆ ಬಿಳಿ ಹೊಗೆ ಸುರುಳಿ ಬಿಚ್ಚುತ್ತದೆ. "ಬೀಡಿ ಬಿಟ್ಟು ಹದಿನೈದು ವರ್ಷ ಆಯ್ತು, ನೀನು ಮತ್ತೆ ಕಲಿಸಿದೆ" ಎಂದ. ದರ್ಜಿ ಸಾಯಂಕಾಲ ಮೆಟ್ಟಿಲಲ್ಲಿ ಸಿಕ್ಕಿ, ನಿಮ್ಮ ಮಾವ ಹುಷಾರಾ, ಸದ್ದೇ ಇಲ್ಲವಲ್ಲ ಎಂದು ಗಾಬರಿಯಿಂದ ಕೇಳಿದ.

ಮಾವ ಇನ್ನೊಂದು ಮಾತು ಹೇಳಿದ: "ಹಳೇದ್ರಲ್ಲಿ ಬಿಳಿ ಔಷಧಿ ತಗೊಂಡ್ರೆ ನಾಲಿಗೆ ಮೇಲೆ ಸೀಮೆಸುಣ್ಣ ಇಟ್ಟ ಹಾಗಿರ್ತಿತ್ತು. ಬಾಯಿ ಮುಕ್ಕಳಿಸಬೇಕಿತ್ತು. ಇದ್ರಲ್ಲಿ ಏನೂ ಇಲ್ಲ." ನನ್ನ ಹನಿಗಳು ಎಷ್ಟು ನುಣುಪಾಗಿರಬೇಕು. ನಾಲಿಗೆಗೂ ತಾಗದೆ ನೇರವಾಗಿ ಎದೆಗೆ ಇಳಿಯುತ್ತಿವೆ. ಈ ಅಂಶ ಮರೆಯದೆ ಬರೆದಿಡುತ್ತಿದ್ದೇನೆ, ಕರಪತ್ರಕ್ಕೆ ಬೇಕಾಗುತ್ತದೆ.

ಬಟ್ಟಲು ತೊಳೆಯುವ ಅತ್ತೆ, ತಳದಲ್ಲಿ ಬಿಳಿ ಕೂರುತ್ತದೆ, ಬೆರಳಲ್ಲಿ ಉಜ್ಜಿದರೇ ಹೋಗುವುದು ಎಂದು ಗೊಣಗಿದಳು. ನಲ್ಲಿ ನೀರಿನ ಸುಣ್ಣ ಎಂದೆ. "ಪಾತ್ರೆಗೆ ಹತ್ತದ ಸುಣ್ಣ ಇದಕ್ಕೆ ಮಾತ್ರ ಹತ್ತುತ್ತಾ?" ಎಂದಳು. ಅತ್ತೆಗೆ ಯಾವುದಕ್ಕೂ ಒಂದು ಕೊಕ್ಕೆ ಹಾಕದಿದ್ದರೆ ಆಗದು.

ಫೆಬ್ರವರಿ 23, ಭಾನುವಾರ

ಕರಪತ್ರ ಸಿದ್ಧ. ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ನಾವು ಐದು ಜನ ಭಾನುವಾರಕ್ಕೊಮ್ಮೆ ಸೇರಿ ಓದುತ್ತೇವಲ್ಲ, ಇವತ್ತು ಅಲ್ಲಿ ನನ್ನದನ್ನೇ ಓದಿದೆವು. ಮುದ್ರಣದಂಗಡಿಯ ಅಣ್ಣ, ನಮ್ಮ ಪ್ರೆಸ್ಸಣ್ಣ, ಕಣ್ಣು ಮುಚ್ಚಿ ಕೇಳಿದ. "ಕಿಚ್ಚಿದೆ ಇದರಲ್ಲಿ" ಎಂದ. ಮುನ್ನೂರು ಪ್ರತಿ ಅಚ್ಚು ಹಾಕಿದ.

ಮೊದಲ ಪುಟದಲ್ಲಿ ಬಿಲ್ಲೆ, ಡಬ್ಬಿ, ಬಟ್ಟಲಿನ ಚಿತ್ರ. ಸೂಚನೆಗಳು ಒಂದೊಂದಾಗಿ. ಬಿಳಿ ಔಷಧಿಯ ಸೀಸೆಯನ್ನು ಚೆನ್ನಾಗಿ ಕುಲುಕಿ ಎಂಬುದನ್ನು ಕೂಡ ಬಿಟ್ಟಿಲ್ಲ. ಕೊನೆಯ ಸಾಲುಗಳನ್ನು ಇಲ್ಲಿ ನಕಲು ಮಾಡುತ್ತೇನೆ, ಏಕೆಂದರೆ ಇಷ್ಟು ಚೆನ್ನಾಗಿ ನಾನು ಹಿಂದೆಂದೂ ಬರೆದಿಲ್ಲ:

"ಉಸಿರು ಯಾರಪ್ಪನ ಸೊತ್ತೂ ಅಲ್ಲ. ನಿಮ್ಮ ಮನೆಯವರ ಎದೆಗೆ ಬೇಕಾದ್ದನ್ನು ನಿಮ್ಮ ಕೈಯೇ ಮಾಡಬಲ್ಲದು. ಇದು ಕೆಲಸ ಮಾಡುವುದಿಲ್ಲ ಎಂದು ನಾಳೆ ಯಾರಾದರೂ ಬಂದು ಹೇಳಿದರೆ ಹೆದರಬೇಡಿ. ಅವರ ಬಾಯಿಂದ ಯಾರು ಮಾತಾಡುತ್ತಿದ್ದಾರೆ ಎಂದು ಕೇಳಿ."

ಬಸ್ ನಿಲ್ದಾಣದಲ್ಲಿ, ಆಸ್ಪತ್ರೆಯ ಗೇಟಿನಲ್ಲಿ, ಕಾರ್ಖಾನೆಯ ಬೀದಿಯಲ್ಲಿ ಹಂಚಿದೆ. ಬಹಳ ಜನ ಮಡಚಿ ಜೇಬಿಗೆ ಹಾಕಿಕೊಂಡರು. ಒಬ್ಬ ಬಸ್ ಕಂಡಕ್ಟರ್ ಮಾತ್ರ ನಿಂತಲ್ಲೇ ಪೂರ್ತಿ ಓದಿದ. ಮಗಳಿಗೆ ಒಂಬತ್ತು ವರ್ಷವಂತೆ. ಯಂತ್ರದ ಸದ್ದಿಗೆ ಹೆದರಿ ಮಂಚದ ಕೆಳಗೆ ಹೋಗಿ ಕೂರುತ್ತಾಳಂತೆ.

ಮನೆಗೆ ಬಂದರೆ ಮಾವ ಒಂದು ಪ್ರತಿಯನ್ನು ಕನ್ನಡಕವಿಲ್ಲದೆ ದೂರ ಹಿಡಿದು ಓದುತ್ತಿದ್ದ. "ನಮ್ಮನೆ ಕರಪತ್ರ ಊರಿಗೆಲ್ಲ ಹಾರ್ತಾ ಇದೆ" ಎಂದು ಅತ್ತೆಗೆ ಹೇಳಿದ. ಮತ್ತೆ ನನ್ನ ಕಡೆ ತಿರುಗಿ, "ಎಲ್ಲಾ ಸರಿ. ಆದ್ರೆ ಆ ರುಚಿ..." ಎಂದು ಏನೋ ಶುರು ಮಾಡಿದ. ಮುಂದಿನ ಅಚ್ಚಿಗೆಂದು ಪ್ರೆಸ್ಸಣ್ಣನಿಗೆ ಕೊಡಬೇಕಾದ ತಿದ್ದುಪಡಿ ಗುರುತು ಹಾಕುತ್ತಿದ್ದೆ. ಆಮೇಲೆ ಕೇಳೋಣವೆಂದುಕೊಂಡು ಮರೆತೆ.

ಮಾರ್ಚ್ 2, ಭಾನುವಾರ

ಕಂಡಕ್ಟರ್ ತಾನೇ ಮಾಡಲು ಹೋಗಿ ಬಟ್ಟಲು ಸುಟ್ಟುಕೊಂಡು ಕಾರ್ಖಾನೆಯ ಬಾಗಿಲಿಗೆ ಬಂದಿದ್ದ. ಇವತ್ತು ಅವನ ಮನೆಗೆ ಹೋಗಿ ನನ್ನ ಕೈಯಾರೆ ಒಂದು ಮಾಡಿಕೊಟ್ಟೆ. ಎರಡು ಕೋಣೆ, ಗೋಡೆಗೆಲ್ಲ ಆ ಹುಡುಗಿ ಬಳಪದಲ್ಲಿ ಬರೆದ ಮೀನುಗಳು. ಮಂಜು ಏಳುವುದನ್ನು ನೋಡಿ ಅವಳು ಮಂಚದ ಕೆಳಗಿನಿಂದ ತಾನಾಗಿ ಹೊರಗೆ ಬಂದಳು. ಅವಳಿಗೂ ಅದೇ ಎರಡು ಔಷಧಿ.

ಕಂಡಕ್ಟರ್ ಆಸ್ಪತ್ರೆಯ ಪೆಟ್ಟಿಗೆಯನ್ನು ಎತ್ತಿ ಕಪಾಟಿನ ಮೇಲೆ ಇಟ್ಟುಬಿಟ್ಟ. ಹೆಂಡತಿ ಬಾಗಿಲ ಹತ್ತಿರ ನಿಂತು ನನ್ನ ಕೈಗಳನ್ನೇ ನೋಡುತ್ತಿದ್ದಳು.

ಇಂಥ ದಿನಗಳಿಗಾಗಿಯೇ ಬದುಕಬೇಕು.

ಮಾರ್ಚ್ 11, ಮಂಗಳವಾರ

ಮಾವ ಈಗ ತಿಳಿ ಔಷಧಿಯನ್ನು ದಿನಕ್ಕೆ ನಾಲ್ಕು ಸಲ ತೆಗೆದುಕೊಳ್ಳುತ್ತಾನೆ. ಹಳೆಯ ಯಂತ್ರವಿದ್ದಾಗ ಸಂಕೋಚಕ್ಕೆ ತಡೆದುಕೊಳ್ಳುತ್ತಿದ್ದ. ಈಗ ಬೇಕೆನಿಸಿದಾಗ ತೆಗೆದುಕೊಳ್ಳುವ ಸ್ವಾತಂತ್ರ್ಯವಿದೆ. ತೆಗೆದುಕೊಂಡ ಕೂಡಲೇ ಮುಖ ತಿಳಿಯಾಗುತ್ತದೆ, ಎರಡು ಜೋಕು ಬರುತ್ತವೆ. ಇದಕ್ಕಿಂತ ಸಾಕ್ಷಿ ಬೇಕೇ?

ಅತ್ತೆ, "ನಾಲ್ಕು ಸಲ ಬೇಕಾಗೋದು ಒಳ್ಳೇದಾ ಕೆಟ್ಟದ್ದಾ?" ಎಂದಳು.

ಉತ್ತರ ಕೊಟ್ಟೆ. ಏನು ಕೊಟ್ಟೆನೋ ಈಗ ನೆನಪಾಗುತ್ತಿಲ್ಲ.

ಮಾರ್ಚ್ 16, ಭಾನುವಾರ

ಮಾವ ಮೆಟ್ಟಿಲು ಹತ್ತುವಾಗ ನಡುವೆ ಕೂತುಬಿಟ್ಟನಂತೆ. ದರ್ಜಿ ಸ್ಟೂಲು ತಂದು ಕೊಟ್ಟನಂತೆ. ಹವೆ ಬದಲಾಗುತ್ತಿದೆ, ಅದಕ್ಕೇ ಇರಬೇಕು. ಓದುವ ಕೋಣೆಗೆ ಹೋಗಲಿಲ್ಲ.

ಮಾರ್ಚ್ 20, ಗುರುವಾರ

ಆಸ್ಪತ್ರೆಯ ಬೆಂಚಿನಿಂದ ಬರೆಯುತ್ತಿದ್ದೇನೆ. ಬೆಳಿಗ್ಗೆ ಏಳೂವರೆಗೆ ಮಾವ ಶರಟಿನ ಗುಂಡಿ ಹಾಕಿಕೊಳ್ಳುತ್ತಿದ್ದವನು ಮೂರನೆಯ ಗುಂಡಿಗೆ ನಿಂತ. ತಿಳಿ ಔಷಧಿ ಕೊಟ್ಟೆ. ಮತ್ತೆ ಕೊಟ್ಟೆ. ಮಂಜು ಚೆನ್ನಾಗಿಯೇ ಬರುತ್ತಿತ್ತು. ಅವನು ಅದನ್ನು ಎಳೆದುಕೊಳ್ಳಲು ಹೆಗಲೆತ್ತುತ್ತಿದ್ದ, ಒಳಗೆ ಏನೂ ಹೋಗುತ್ತಿರಲಿಲ್ಲ. ತುಟಿ ಬೂದಿ ಬಣ್ಣಕ್ಕೆ ತಿರುಗಿತು. ನಾನು ಬಿಲ್ಲೆಯ ತಂತಿ ನೋಡುತ್ತಿದ್ದೆ. ಅವನನ್ನು ನೋಡುವುದು ಬಿಟ್ಟು ತಂತಿ ನೋಡುತ್ತಿದ್ದೆ.

ಅತ್ತೆ ಕಪಾಟಿನಿಂದ ಹಳೆಯ ಯಂತ್ರ ಇಳಿಸಿ ಹಾಕಿದಳು. ಅದು ಗಡಗಡ ಎಂದಿತು. ದರ್ಜಿ ಕುಟ್ಟಲಿಲ್ಲ. ಓಡಿ ಮೇಲೆ ಬಂದ. ಅವನೇ ಮಾವನನ್ನು ಬೆನ್ನ ಮೇಲೆ ಹೊತ್ತು ಕೆಳಗಿಳಿಸಿದ್ದು.

ಮಾವ ಗಾಜಿನ ಆಚೆ ಇದ್ದಾನೆ. ಬಾಯೊಳಗೆ ಕೊಳವೆ ಹಾಕಿದ್ದಾರೆ. ನನಗೆ ಮಾಡಲು ಏನೂ ಇಲ್ಲ. ಹೊರಗೆ ಕೂರಿ ಎನ್ನುತ್ತಾರೆ, ಕೂತಿದ್ದೇನೆ.

ಮಾರ್ಚ್ 21, ಶುಕ್ರವಾರ

ಎದೆ ವಾರ್ಡಿನ ಹಿರಿಯ ಸಿಸ್ಟರ್ ಕರೆದು, ಔಷಧಿ ದಿನಾ ಕೊಟ್ಟಿದ್ದಿರಾ ಎಂದು ಕೇಳಿದರು. ಒಂದು ದಿನವೂ ತಪ್ಪಿಲ್ಲ ಎಂದೆ. "ತಪ್ಪದೆ ತಗೊಂಡೋರ ಎದೆ ಹೀಗಿರಲ್ಲಮ್ಮ" ಎಂದರು. ಯಾವ ಯಂತ್ರ ಎಂದರು. ಅತ್ತೆ ಚೀಲದಿಂದ ನನ್ನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಏಕೆ ತಂದಿದ್ದಳೋ. ನಿನ್ನೆಯ ಗಡಿಬಿಡಿಯಲ್ಲಿ ಬಟ್ಟಲು ತೊಳೆದಿರಲಿಲ್ಲ.

ಸಿಸ್ಟರ್ ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಳವನ್ನು ಬೆರಳಿನಿಂದ ಸವರಿ ಬೆರಳನ್ನು ನನ್ನತ್ತ ತೋರಿಸಿದರು. ಬೈಯಲಿಲ್ಲ. ಬೈದಿದ್ದರೆ ಎದುರು ಮಾತಾಡುತ್ತಿದ್ದೆ.

"ತಿಳಿ ಔಷಧಿ ನೀರಲ್ಲಿ ಕರಗಿದೆ. ನೀರು ಎಲ್ಲಿಗೆ ಹೋದ್ರೂ ಜೊತೆಗೆ ಹೋಗುತ್ತೆ. ಬಿಳಿದು ಕರಗಿಲ್ಲ. ಪುಡಿ, ಸುಮ್ಮನೆ ತೇಲ್ತಾ ಇದೆ. ಈ ಥರ ಯಂತ್ರ ನೀರನ್ನ ಹನಿ ಮಾಡಿ ಎತ್ತುತ್ತೆ, ಪುಡೀನ ಇಲ್ಲೇ ಬಿಟ್ಟುಬಿಡುತ್ತೆ. ಬಿಳಿ ಔಷಧಿ ಅಂತ ಇಷ್ಟು ದಿನ ನಿಮ್ಮ ಮಾವ ಎಳ್ಕೊಂಡದ್ದು ಬರೀ ನೀರಿನ ಹೊಗೆ."

ಉಪ್ಪು ಬಂದಿತ್ತು, ನಾನು ಪರೀಕ್ಷೆ ಮಾಡಿದ್ದೆ ಎಂದೆ.

"ಉಪ್ಪು ಕರಗುತ್ತಮ್ಮ" ಎಂದರು.

ನಲವತ್ತು ದಿನ. ದಿನಕ್ಕೆ ಎರಡು ಸಲ. ಅತ್ತೆ ಅದನ್ನು ಬೆರಳಿನಿಂದ ಉಜ್ಜಿ ಉಜ್ಜಿ ಚರಂಡಿಗೆ ಬಿಟ್ಟಳು.

ಮಾರ್ಚ್ 22, ಶನಿವಾರ

ಏನೂ ಬದಲಾಗಿಲ್ಲ.

ಮಾರ್ಚ್ 23, ಭಾನುವಾರ

ಕೊಳವೆ ತೆಗೆದರು.

ಮಾರ್ಚ್ 25, ಮಂಗಳವಾರ

ಮಾವನ ಗಂಟಲು ಕಟ್ಟಿದೆ. ಪಿಸುಮಾತು ಅಷ್ಟೇ. ಕಳೆದುಕೊಂಡದ್ದರಲ್ಲಿ ಸ್ವಲ್ಪ ವಾಪಸು ಬರುತ್ತದೆ, ಎಲ್ಲವೂ ಬರುವುದಿಲ್ಲ, ಮೆಟ್ಟಿಲು ಇನ್ನು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ನಾವಿರುವುದು ಮೂರನೆಯ ಮಹಡಿ.

ಹೇಳಿದೆ. ಬಿಳಿ ಔಷಧಿ ಬಟ್ಟಲಲ್ಲೇ ಉಳಿದದ್ದನ್ನು ಅಳದೆ ಹೇಳಬೇಕೆಂದುಕೊಂಡಿದ್ದೆ, ಆಗಲಿಲ್ಲ. ಅವನು ಕೇಳಿಸಿಕೊಂಡು ಬೆರಳಾಡಿಸಿ ಹತ್ತಿರ ಕರೆದ.

"ಸಕ್ಕರೆ ಹಾಕಿದ ನೀರು ಮೇಲೆ ತೆಗೆದ್ರೂ ಸಿಹಿ, ಕೆಳಗೆ ತೆಗೆದ್ರೂ ಸಿಹಿ. ಹಿಟ್ಟು ಹಾಕಿದ ನೀರು ಹಾಗಲ್ಲ. ಕೈ ಬಿಟ್ರೆ ತಳಕ್ಕೆ ಕೂರುತ್ತೆ. ಅದಕ್ಕೇ ಸೀಸೆ ಮೇಲೆ ಕುಲುಕಿ ಅಂತ ಬರೆದಿರೋದು. ಕರಗಿದ್ದನ್ನ ಯಾರು ಕುಲುಕ್ತಾರೆ?"

ಮೂವತ್ತೊಂದು ವರ್ಷ ಹಿಟ್ಟು ಕಲಸಿದವನು ನನ್ನ ಪಕ್ಕದಲ್ಲೇ ಕೂತಿದ್ದ. ಅವನನ್ನು ಒಂದು ಮಾತು ಕೇಳಿರಲಿಲ್ಲ.

"ನಿಂಗೆ ಗೊತ್ತಿತ್ತಾ ಮಾವ?"

"ಅನುಮಾನ ಇತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳ್ದೆ ಕಣೇ. ಎರಡು ಸಲ. ನೀನು ಬರೀತಾ ಇದ್ದೆ." ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡ. "ಮೂರನೇ ಸಲ ಹೇಳೋಣ ಅಂದ್ರೆ, ಇಷ್ಟು ಖುಷೀಲಿದ್ದೀಯ, ಹಾಳು ಮಾಡೋದ್ಯಾಕೆ ಅನ್ನಿಸ್ತು. ಆ ತಿಳಿ ಔಷಧಿ ಆರಾಮಾಗೇ ಕೆಲಸ ಮಾಡ್ತಿತ್ತಲ್ಲ."

ಮನೆಗೆ ಬಂದು ಈ ಪುಸ್ತಕದ ಹಿಂದಿನ ಹಾಳೆ ತಿರುಗಿಸಿದೆ. ಫೆಬ್ರವರಿ ಹದಿನಾಲ್ಕು. ನಾಲಿಗೆಗೆ ಸುಣ್ಣದ ರುಚಿ ಬರುವುದಿಲ್ಲ ಎಂದು ಅವನು ಹೇಳಿದ್ದು, ಬಟ್ಟಲಲ್ಲಿ ಬಿಳಿ ಕೂರುತ್ತದೆ ಎಂದು ಅತ್ತೆ ಹೇಳಿದ್ದು, ಎರಡೂ ಒಂದೇ ಪುಟದಲ್ಲಿವೆ. ನನ್ನದೇ ಅಕ್ಷರ.

ಆಮೇಲೆ ಕಂಡಕ್ಟರನ ಮಗಳು ನೆನಪಾದಳು. ಆರು ದಿನದಲ್ಲಿ ಒಮ್ಮೆಯೂ ನೆನಪಾಗಿರಲಿಲ್ಲ.

ಮಾರ್ಚ್ 26, ಬುಧವಾರ

ಕಂಡಕ್ಟರನ ಮನೆಗೆ ಬೀಗ. ಹೆಂಡತಿಯ ತವರಿಗೆ ಹೋಗಿದ್ದಾರೆ, ಮುಂದಿನ ವಾರ ಬರಬಹುದು ಎಂದು ಪಕ್ಕದವರು ಹೇಳಿದರು. ಯಾವ ಊರು ಎಂದು ಅವರಿಗೆ ಗೊತ್ತಿಲ್ಲ. ಬಸ್ ಡಿಪೋದಲ್ಲಿ ಕೇಳಿದೆ. ರಜೆ ಹಾಕಿದ್ದಾನೆ, ವಿಳಾಸ ಕೊಡಲಾಗುವುದಿಲ್ಲ ಎಂದರು. ಫೋನ್ ಎತ್ತುವುದಿಲ್ಲ.

ಪ್ರೆಸ್ಸಣ್ಣನಿಗೆ ಹೊಸ ಕರಪತ್ರ ಕೊಟ್ಟೆ. ಇಷ್ಟೇ ಇದೆ: "ಹಿಂದಿನ ಕರಪತ್ರದಲ್ಲಿ ನಾನು ಬರೆದದ್ದು ತಪ್ಪು. ಆ ಯಂತ್ರದಲ್ಲಿ ಬಿಳಿ ಔಷಧಿ ಎದೆಗೆ ಹೋಗುವುದಿಲ್ಲ. ಬಟ್ಟಲಲ್ಲಿ ಉಳಿಯುತ್ತದೆ. ಆಸ್ಪತ್ರೆಯ ಯಂತ್ರವನ್ನೇ ಬಳಸಿ. ನನ್ನ ಮಾವ ಕಾಯಿಲೆ ತುಂಬ ಜಾಸ್ತಿಯಾಗಿ ಆಸ್ಪತ್ರೆಯಲ್ಲಿದ್ದಾನೆ."

"ಇದರಲ್ಲಿ ಕಿಚ್ಚೇ ಇಲ್ಲವಲ್ಲೇ" ಎಂದ.

"ಬೇಡ ಅಣ್ಣ."

"ಜನ ಓದಲ್ಲ."

"ಗೊತ್ತು. ಅಕ್ಷರ ದಪ್ಪ ಹಾಕು."

ಮಾರ್ಚ್ 30, ಭಾನುವಾರ

ಹಂಚಿದ ಜಾಗಗಳಿಗೆಲ್ಲ ಮತ್ತೆ ಹೋದೆ. ಹೆಚ್ಚಿನವರಿಗೆ ಹಳೆಯದು ಸಿಕ್ಕಿದ್ದೇ ನೆನಪಿಲ್ಲ. ಒಬ್ಬ ಅದರಲ್ಲಿ ಕಡಲೆಕಾಯಿ ಕಟ್ಟಿಸಿಕೊಂಡಿದ್ದ. ಎಷ್ಟು ನೆಮ್ಮದಿಯಾಯಿತು ಎಂದರೆ ನನಗೇ ನಾಚಿಕೆಯಾಯಿತು. ಬೇರೆ ಯಾರೂ ಯಂತ್ರ ಮಾಡಿದಂತೆ ಕಾಣುವುದಿಲ್ಲ. ಆದರೂ ಕೇಳದೆ ಉಳಿದವರು ಎಷ್ಟು ಜನರೋ.

ಮಾವನನ್ನು ಮನೆಗೆ ತಂದೆವು. ದರ್ಜಿ ಮತ್ತು ಬಿಲ್ಲೆ ಮೇಷ್ಟ್ರು ಕುರ್ಚಿಯಲ್ಲಿ ಕೂರಿಸಿ ಎತ್ತಿ ತಂದರು. "ಮೆರವಣಿಗೆ ಚೆನ್ನಾಗಿದೆ" ಎಂದ ಮಾವ. ಮೇಷ್ಟ್ರು ನನ್ನ ಮುಖ ನೋಡಲಿಲ್ಲ. ಹೋಗುವಾಗ, "ಉಪ್ಪಿಗೆ ನಾನೂ ಹೌದು ಅಂದೆ ಅಲ್ವಾ" ಎಂದರು. ಭಾಷಣ ಎಂದು ಕರೆಯಲಿಲ್ಲ.

ಏಪ್ರಿಲ್ 4, ಶುಕ್ರವಾರ

ಅವರು ಬಂದಿದ್ದಾರೆ.

ಬಾಗಿಲು ತೆರೆದ ಕಂಡಕ್ಟರ್ ನಗುತ್ತಾ ಒಳಗೆ ಕರೆದ. ನಾನು ಹೊಸ ಕರಪತ್ರ ಕೊಟ್ಟೆ. ಓದಿದ. ನಗು ನಿಂತಿತು.

"ಯಾರು ಹೇಳಿದ್ರು ನಿಂಗೆ ಇದನ್ನ?"

"ಎದೆ ವಾರ್ಡಿನ ಸಿಸ್ಟರ್. ನಾನೇ ಕಣ್ಣಾರೆ ನೋಡ್ದೆ."

ಅವನು ಗೋಡೆಯ ಕಡೆ ಹೋದ. ನನ್ನ ಮೊದಲ ಕರಪತ್ರವನ್ನು ಅಲ್ಲಿ, ಮೀನುಗಳ ನಡುವೆ, ಅಂಟಿಸಿದ್ದ. ಬೆರಳಿಟ್ಟು ಓದಿದ: "ಇದು ಕೆಲಸ ಮಾಡುವುದಿಲ್ಲ ಎಂದು ನಾಳೆ ಯಾರಾದರೂ ಬಂದು ಹೇಳಿದರೆ ಹೆದರಬೇಡಿ. ಅವರ ಬಾಯಿಂದ ಯಾರು ಮಾತಾಡುತ್ತಿದ್ದಾರೆ ಎಂದು ಕೇಳಿ." ಆಮೇಲೆ ನನ್ನ ಕಡೆ ತಿರುಗಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. "ಹೆದರಿಸಿದ್ರಾ ತಂಗಿ? ಕೆಲಸ ಕಿತ್ಕೋತೀವಿ ಅಂದ್ರಾ?"

"ಯಾರೂ ಹೆದರಿಸಿಲ್ಲ ಅಣ್ಣ. ನಾನು ಬರೆದದ್ದೇ ತಪ್ಪು."

"ಇಷ್ಟು ಚೆನ್ನಾಗಿ ಬರೆದದ್ದು ತಪ್ಪಾಗಿರೋಕೆ ಹೇಗೆ ಸಾಧ್ಯ?"

ಒಳಕೋಣೆಯಿಂದ ಹುಡುಗಿ ಕೆಮ್ಮಿದಳು. ಆ ಕೆಮ್ಮು ನನಗೆ ಗೊತ್ತು. ಔಷಧಿ ದಿನಕ್ಕೆಷ್ಟು ಸಲ ಎಂದು ಕೇಳಿದೆ. ತಿಳಿ ಔಷಧಿ ಮೂರು ಸಲ, ತಗೊಂಡ ತಕ್ಷಣ ಆಟಕ್ಕೆ ಓಡ್ತಾಳೆ ಎಂದು ಹೆಮ್ಮೆಯಿಂದ ಹೇಳಿದ.

ನನ್ನ ಹತ್ತಿರ ಇದ್ದ ಮಾತುಗಳನ್ನೆಲ್ಲ ಆಡಿದೆ. ಒಂದಕ್ಕೂ ಭಾರವಿರಲಿಲ್ಲ. ಭಾರವಿದ್ದದ್ದನ್ನೆಲ್ಲ ಮೊದಲೇ ಬರೆದು ಅವನ ಗೋಡೆಗೆ ಕೊಟ್ಟುಬಿಟ್ಟಿದ್ದೆ.

ಏಪ್ರಿಲ್ 6, ಭಾನುವಾರ

ಮಾವನ ಉಪಾಯ. "ಬಾಯಲ್ಲಿ ಹೇಳಬೇಡ, ತೋರಿಸು" ಎಂದು ಒಂದು ಪೊಟ್ಟಣ ಸಕ್ಕರೆ, ಒಂದು ಪೊಟ್ಟಣ ಮೈದಾ ಕಟ್ಟಿಕೊಟ್ಟ. ಮೈದಾದ ಪೊಟ್ಟಣ ಕಟ್ಟುವಾಗ ಮೂಗಿಗೆ ಟವೆಲು ಸುತ್ತಿಕೊಂಡಿದ್ದ.

ನನ್ನ ಡಬ್ಬಿಯನ್ನು ಕಂಡಕ್ಟರನ ಮೇಜಿನ ಮೇಲಿಟ್ಟೆ. ಸಕ್ಕರೆ ನೀರಿನ ಮಂಜಿಗೆ ಅವನು ನಾಲಿಗೆ ಚಾಚಿದ. ಸಿಹಿ ಎಂದ. ಮೈದಾ ಕಲಸಿದ ನೀರಿನ ಮಂಜು ಹಿಡಿದೆ. ಏನೂ ಇಲ್ಲ, ಬರೀ ನೀರು ಎಂದ. ನೀರು ಮುಗಿಯುವತನಕ ಕಾದು ಬಟ್ಟಲನ್ನು ಅವನ ಮುಂದೆ ಹಿಡಿದೆ. ಮೈದಾ ಅಷ್ಟೂ ತಳದಲ್ಲಿ ಕೂತಿತ್ತು.

ಬಹಳ ಹೊತ್ತು ನೋಡಿದ. "ಇದು ಹಿಟ್ಟು" ಎಂದ ಕೊನೆಗೆ. "ಔಷಧಿ ಹಿಟ್ಟಲ್ಲ. ಕಾಯಿಲೆಗೆ ಅಂತ ಮಾಡಿರೋದು ಬೇರೆ ಥರಾನೇ ಇರುತ್ತೆ." ಅವನ ಮಗಳು ಮಂಚದ ಕೆಳಗಿನಿಂದ ಹೊರಗೆ ಬಂದದ್ದನ್ನು ಅವನು ಕಣ್ಣಾರೆ ಕಂಡಿದ್ದಾನೆ. ಅದನ್ನು ನಾನು ಹೇಗೆ ವಾಪಸು ಕೇಳಲಿ? ಡಬ್ಬಿ, ಪೊಟ್ಟಣ ಎತ್ತಿಕೊಂಡೆ. ಅವನು ಮರ್ಯಾದೆಯಿಂದಲೇ ಬಾಗಿಲವರೆಗೆ ಬಂದು ಕಳಿಸಿದ.

ಮೆಟ್ಟಿಲಿಳಿಯುತ್ತಿದ್ದಾಗ ಹಿಂದಿನಿಂದ ಹೆಜ್ಜೆ ಕೇಳಿಸಿತು. ಹೆಂಡತಿ. ಸೆರಗಿನಿಂದ ಒಂದು ಬಟ್ಟಲು ತೆಗೆದು ನನ್ನ ಕೈಯಲ್ಲಿಟ್ಟಳು. ಅವರ ಯಂತ್ರದ ಬಟ್ಟಲು, ನಾನು ಕಾಯಿಸಿ ಎಳೆದು ಮಾಡಿಕೊಟ್ಟದ್ದು. ತಳದಲ್ಲಿ ಬಿಳಿ ಒಣಗಿ ಬಿರುಕು ಬಿಟ್ಟಿತ್ತು.

"ದಿನಾ ತೊಳೆಯೋಳು ನಾನು" ಎಂದಳು. "ಒಂದು ತಿಂಗಳಿಂದ ಕೇಳಬೇಕು ಅಂತಿದ್ದೆ. ಯಾರನ್ನ ಕೇಳೋದು?"

"ಇದಿಲ್ದೆ ಯಂತ್ರ ನಡೆಯಲ್ಲ ಅಕ್ಕ."

"ಗೊತ್ತು. ಅದಕ್ಕೇ ತಂದೆ." ಮೇಲಿನ ಬಾಗಿಲ ಕಡೆ ನೋಡಿದಳು. "ಒಡೆದು ಹೋಯ್ತು ಅಂತೀನಿ. ಇನ್ನೊಂದು ಮಾಡಿಕೊಡು ಅಂತ ಬರ್ತಾರೆ. ಕೊಡಬೇಡ."

ಹತ್ತಿ ಹೋದಳು. ಬಾಗಿಲು ಹಾಕಿಕೊಂಡಿತು. ನಾನು ಬೀದಿಯಲ್ಲಿ ಅವರ ಕಿಟಕಿಯ ಕೆಳಗೆ ನಿಂತೆ. ಕಪಾಟಿನ ಮೇಲಿನ ಆ ಪೆಟ್ಟಿಗೆಯನ್ನು ಇಳಿಸಿದರೆ ಇಲ್ಲಿಗೂ ಕೇಳಿಸದೆ ಇರದು, ಲಾರಿ ಏರು ಹತ್ತಿದಂಥ ಸದ್ದು. ಎರಡು ಬಸ್ಸು ಬಿಟ್ಟೆ. ಮಾತು ಕೇಳಿಸಿತು, ಪಾತ್ರೆ ಕೇಳಿಸಿತು, ಹುಡುಗಿಯ ಕೆಮ್ಮು ಕೇಳಿಸಿತು. ಆ ಸದ್ದು ಬರಲಿಲ್ಲ. ಮೂರನೆಯ ಬಸ್ಸು ಹತ್ತಿದೆ.

ಇಲ್ಲಿ ಈಗ ಮಾವನ ಯಂತ್ರ ಗಡಗಡಿಸುತ್ತಿದೆ. ನೆಲ ನಡುಗುತ್ತದೆ, ಈ ಅಕ್ಷರಗಳೂ ಸ್ವಲ್ಪ ನಡುಗುತ್ತಿವೆ. ಕೆಳಗೆ ದರ್ಜಿ ಸುಮ್ಮನಿದ್ದಾನೆ. ಮುಗಿದ ಮೇಲೆ ಮಾವ ಬಾಯಿ ಮುಕ್ಕಳಿಸಿ, "ಸೀಮೆಸುಣ್ಣ" ಎಂದು ನನಗೆ ಕೇಳುವಂತೆ ಹೇಳುತ್ತಾನೆ. ದಿನಾ ಹೇಳುತ್ತಾನೆ.

ಆ ಬಟ್ಟಲು ಮೇಜಿನ ಮೇಲಿದೆ. ಅತ್ತೆ ತೊಳೆಯಲು ಎತ್ತಿಕೊಂಡಿದ್ದಳು. ಇರಲಿ ಬಿಡು ಎಂದೆ.